ಬೆನ್ನ ಹಿಂದೆ ಕೂಡುತ್ತಿದ್ದ ಚಿಗವ್ವ

ನಮ್ಮ ಚಿಗವ್ವನಿಗೆ ಮಲಗುವುದೆಂದರೆ ಆಗಿಬರುತ್ತಿರಲಿಲ್ಲ. ತಾನು ಮಲಗುವುದು ಹಾಗಿರಲಿ, ಇನ್ನೊಬ್ಬರು ಮಲಗಿದ್ದು ಕಂಡರೂ ಆಕೆಗೆ ತಡೆಯುತ್ತಿರಲಿಲ್ಲ. ಮಧ್ಯಾಹ್ನ ಉಂಡು ಸ್ವಲ್ಪ ಅಡ್ಡಾಗೋಣ ಎಂದು ಚಾಪೆ ಹಾಸಿದರೆ ಸಾಕು, "ಏನ್ ರೋಗ ಬಂದೈತಿ ನಿಂಗ? ಏಳು, ಎದ್ದು ಕುಂದ್ರು" ಎಂದು ರಟ್ಟೆ ಹಿಡಿದು ಎಬ್ಬಿಸುತ್ತಿದ್ದಳು. ಹೋದ ತಿಂಗಳು ಕೊಟ್ಟೂರಿನಲ್ಲಿ ತೀರಿಕೊಂಡಳು. ನಮ್ಮ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಮಣ್ಣು ಮಾಡುವಾಗಲೂ ಕೂತ ಹಾಗೆಯೇ ಇಳಿಸುತ್ತಾರೆ. ನಾನು ಹಗರಿಬೊಮ್ಮನಹಳ್ಳಿಯಿಂದ ಬಸ್ಸು ಹಿಡಿದು ಹೋಗಿ ಮುಟ್ಟುವಷ್ಟರಲ್ಲಿ ಹಣೆ ತುಂಬ ವಿಭೂತಿ ಹಚ್ಚಿ, ಹಸಿರು ಸೀರೆ ಉಡಿಸಿ, ಪಡಸಾಲೆಯ ಗೋಡೆಗೆ ಕೂಡಿಸಿದ್ದರು. ಬಾಯಿ ತುಸು ತೆರೆದಿತ್ತು. ಇನ್ನೇನು ಏನಾದರೊಂದು ಅನ್ನುತ್ತಾಳೆ ಎಂದು ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

ಅಳು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಯಾಕೆಂದರೆ ಅಲ್ಲಿ ಕೂತಿದ್ದ ಪಕ್ಕದ ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಎಂಥಾ ಸಮಾಧಾನದ ಜೀವ ಆಗಿತ್ತವ್ವಾ, ಒಬ್ರಿಗೆ ಒಂದ್ ಮಾತು ಅಂದಾಕಿ ಅಲ್ಲ" ಎಂದು ಹಾಡಿ ಹಾಡಿ ಅಳುತ್ತಿದ್ದಳು. ಸಮಾಧಾನದ ಜೀವವಂತೆ! ಒಂದು ಮಾತು ಅಂದವಳಲ್ಲವಂತೆ! ಇದೇ ಪಕ್ಕದ ಮನೆಯಾಕೆಯ ಜೊತೆ ಬಚ್ಚಲ ನೀರಿನ ಸಲುವಾಗಿ ಓಣಿಯೆಲ್ಲ ಸೇರುವ ಹಾಗೆ ಜಗಳಾಡಿದ್ದು ನನಗೆ ನೆನಪಿಲ್ಲವೇ? ಸತ್ತ ಕೂಡಲೇ ಮನುಷ್ಯರನ್ನು ಹೀಗೆ ತೊಳೆದು ಬಿಳಿ ಮಾಡಿಬಿಟ್ಟರೆ ಅವರು ಇದ್ದದ್ದಕ್ಕೆ ಗುರುತೇನು ಉಳಿಯಿತು? ನಾನು ಹೇಳುತ್ತೇನೆ ಕೇಳಿ, ನಮ್ಮ ಚಿಗವ್ವ ಜೀವ ಹಿಂಡುವ ಹೆಂಗಸಾಗಿದ್ದಳು.

ಆಕೆ ನನ್ನ ತಾಯಿಯ ಒಡಹುಟ್ಟಿದ ತಂಗಿ. ಅವ್ವನನ್ನು ಕೂಡ್ಲಿಗಿಗೆ ಕೊಟ್ಟರು, ಈಕೆಯನ್ನು ಕೊಟ್ಟೂರಿಗೆ. ಚಿಗಪ್ಪನದು ಕಿರಾಣಿ ಅಂಗಡಿ. ಆತ ತನ್ನ ಪಾಲಿನ ಮಾತನ್ನೂ ಹೆಂಡತಿಗೇ ಬಿಟ್ಟುಕೊಟ್ಟು ತಕ್ಕಡಿ ಹಿಡಿದುಕೊಂಡು ಸುಮ್ಮನೆ ಕೂತಿರುತ್ತಿದ್ದ. ಚಿಗವ್ವನದು ಆಳುತನದ ಮೈಕಟ್ಟು, ಅಗಲವಾದ ಎದೆ, ಊರಿಗೆಲ್ಲ ಕೇಳಿಸುವ ಗಂಟಲು. ಬಾಯಲ್ಲಿ ಸದಾ ಎಲೆ, ಅಡಿಕೆ, ತಂಬಾಕು. ಬಸುರಿ ಹೆಂಗಸೊಬ್ಬಳು ಸಾಬೂನು ಒಯ್ಯಲು ಬಂದರೆ ಗಲ್ಲಾಪೆಟ್ಟಿಗೆ ಬಿಟ್ಟು ಹೊರಗೆ ಬಂದು, ಕೇಳದೆ ಹೇಳದೆ ಆಕೆಯ ಸೊಂಟದ ಮೇಲೆ ಕೈಯಿಟ್ಟುಬಿಡುತ್ತಿದ್ದಳು. "ಇಲ್ಲಿ ಹಿಡಿತೈತಿ ಅಲ್ಲ? ಗ್ವಾಡಿಗೆ ಎರಡೂ ಕೈ ಕೊಟ್ಟು ಬಗ್ಗು. ಹಿಂಗ. ಕುಂಡಿ ಅಳ್ಳಾಡ್ಸು, ಹಿಂಗ." ಹೇಳಿದರೆ ಸಾಲದೆಂದು ಅಕ್ಕಿ ಚೀಲಗಳ ಮೇಲೆ ಕೈಯೂರಿ ಬಗ್ಗಿ, ಸೊಂಟ ತಿರುಗಿಸಿ ತೋರಿಸುವಳು. ಅಂಗಡಿಯ ಮುಂದೆ ಬೀಡಿ ಸೇದುತ್ತ ನಿಂತ ಗಂಡಸರು ನೆಲ ನೋಡುವರು. ಚಿಗಪ್ಪ ತಕ್ಕಡಿ ನೋಡುವನು. ರಜೆಗೆಂದು ಹೋಗಿರುತ್ತಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ಇಷ್ಟೆಲ್ಲ ಹೇಳಿಕೊಡುವ ಚಿಗವ್ವನಿಗೆ ಮಕ್ಕಳಾಗಲಿಲ್ಲ. ಒಂದು ಸಲವೂ ಬಸುರಾಗಲಿಲ್ಲ.

ಹೆರಿಗೆಯ ವಿಷಯ ಆಕೆಗೆ ಬಂದದ್ದು ಬೇರೆ ದಾರಿಯಿಂದ. ಮನೆಯಲ್ಲೇ ಹಡೆಯುತ್ತಿದ್ದ ಕಾಲದಲ್ಲಿ ನಮ್ಮ ಕಡೆ ಹೆಂಗಸನ್ನು ಮಲಗಿಸುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕೂಡಿಸಿ, ಹಿಂದೆ ಒಬ್ಬ ಗಟ್ಟಿ ಹೆಂಗಸನ್ನು ಗೋಡೆಗೆ ಆನಿಸಿ ಕೂಡಿಸುವರು. ಆಕೆ ಹಡೆಯುವವಳ ಕಂಕುಳಲ್ಲಿ ಕೈ ಹಾಕಿ ಎದೆಗೆ ಒತ್ತಿ ಹಿಡಿದುಕೊಳ್ಳಬೇಕು. ಬ್ಯಾನೆ ಬಂದಾಗ ಹಡೆಯುವವಳು ತನ್ನ ಮೈಭಾರವನ್ನೆಲ್ಲ ಅವಳ ಮೇಲೆ ಬಿಟ್ಟು ತಿಣುಕುವಳು. ಮುಂದೆ ಸೂಲಗಿತ್ತಿ, ಹಿಂದೆ ಈ ಗಟ್ಟಿಗಿತ್ತಿ. ನಮ್ಮ ಬಂಧು ಬಳಗದಲ್ಲಷ್ಟೇ ಅಲ್ಲ, ಸುತ್ತಲಿನ ಹಳ್ಳಿಗಳಲ್ಲೂ ಆ ಹಿಂದಿನ ಜಾಗ ಚಿಗವ್ವನದು. ಅಷ್ಟು ಅಗಲವಾದ ಎದೆ ಬೇರೆ ಯಾರಿಗೂ ಇರಲಿಲ್ಲ, ಬೆಳಗಿನಿಂದ ಸಂಜೆಯವರೆಗೆ ಕೂತಲ್ಲಿಂದ ಅಲುಗದೆ ಹಿಡಿಯುವ ಛಲವೂ ಯಾರಿಗೂ ಇರಲಿಲ್ಲ.

ಆದರೆ ಅದಕ್ಕೊಂದು ಕಟ್ಟಳೆ ಮಾಡಿದ್ದರು. ಮಕ್ಕಳಾಗದವಳ ಕಣ್ಣು ಹುಟ್ಟಿದ ಕೂಸಿನ ಮೇಲೆ ಮೊದಲು ಬೀಳಬಾರದಂತೆ. ಅದಕ್ಕೇ ಆಕೆ ಹಿಂದೆ ಕೂಡಬಹುದು, ಮುಂದೆ ಬರುವ ಹಾಗಿಲ್ಲ. ಕೂಸು ಅತ್ತದ್ದು ಕೇಳಿದ ಕೂಡಲೇ ಮುಖ ತಿರುವಿ ಎದ್ದು ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಬೇಕು. ತೊಟ್ಟಿಲಿಗೆ ಹಾಕುವ ದಿನ ಎಲ್ಲರೂ ನೋಡಿ ಆದ ಮೇಲೆ ಆಕೆ ನೋಡಬೇಕು. ಇದನ್ನು ಮಾಡಿದ್ದು ನಮ್ಮ ಅಜ್ಜಿ. ಅಂದರೆ ಆಕೆಯ ಸ್ವಂತ ತಾಯಿ. ಅಜ್ಜಿ ಹೋದ ಮೇಲೆ ಅದನ್ನು ಬಿಡದೆ ಹಿಡಿದುಕೊಂಡದ್ದು ನನ್ನ ಅವ್ವ. ಆಕೆಯ ಬೆನ್ನು ಬೇಕು, ತೋಳು ಬೇಕು, ಕಣ್ಣು ಮಾತ್ರ ಬೇಡ! ಈ ಮಾತು ತೆಗೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದಕ್ಕಿಂತ ಹೆಚ್ಚು ಉರಿಸುತ್ತಿದ್ದದ್ದು, ಜಗತ್ತಿನಲ್ಲಿ ಒಬ್ಬರ ಮಾತನ್ನೂ ಕೇಳದ ಚಿಗವ್ವ ಈ ಒಂದು ಮಾತನ್ನು ಮಾತ್ರ ತುಟಿಪಿಟಕ್ ಎನ್ನದೆ ಕೇಳುತ್ತಿದ್ದದ್ದು.

"ನಂಗ ಹಡಿಯೂದು ಗೊತ್ತಿರೂದು ಬೆನ್ನ ಕಡಿಂದ" ಎಂದು ನಗುತ್ತಿದ್ದಳು. ಸಂತೆಯಲ್ಲಿ ಹೋಗುವಾಗ ಮುಂದೆ ನಡೆಯುತ್ತಿದ್ದ ಹೆಂಗಸಿನ ಹೆಗಲನ್ನು ನೋಡಿಯೇ, "ಏ, ಇಕಿನ್ನ ನಾ ಹಿಡದಿದ್ದೆ. ಈ ಹೆಗಲಾಗ ಒಂದು ಗಂಟೈತಿ ನೋಡು, ನನ್ನ ಎದಿಗೆ ಚುಚ್ಚಿ ಚುಚ್ಚಿ ಸಾಯಿಸಿಬಿಟ್ಟಿತ್ತು" ಎಂದು ಕೂಗುವಳು. ಆಕೆ ತಿರುಗಿ ನೋಡಿದರೆ ಮುಖದ ಗುರುತು ಸಿಗುತ್ತಿರಲಿಲ್ಲ. ಹೆಸರಂತೂ ಗೊತ್ತೇ ಇರುತ್ತಿರಲಿಲ್ಲ.

ಆಕೆ ಹೇಳಿದ್ದೆಲ್ಲ ವೇದವಾಕ್ಯ ಎಂದು ತಿಳಿದುಕೊಳ್ಳಬೇಡಿ. ಮುಕ್ಕಾಲು ಪಾಲು ಬುರುಡೆ. ಹಡೆಯುವವಳು ಬಲಕ್ಕೆ ವಾಲಿದರೆ ಗಂಡು, ಎಡಕ್ಕೆ ವಾಲಿದರೆ ಹೆಣ್ಣು ಎನ್ನುತ್ತಿದ್ದಳು. ತಪ್ಪಾದರೆ, "ಆಕಿ ನೆಟ್ಟಗ ವಾಲೇ ಇಲ್ಲ" ಎಂದು ಹಡೆದವಳ ಮೇಲೆಯೇ ತಪ್ಪು ಹೊರಿಸುವಳು. ಬಸುರಿಯರು ಕನ್ನಡಿಯ ಮುಂದೆ ಬಗ್ಗಬಾರದು, ಕುಂಬಳಕಾಯಿ ಹೆಚ್ಚಬಾರದು, ಕಬ್ಬಿಣದ ಮಾತ್ರೆ ನುಂಗಿದರೆ ಕೂಸು ಕರ್ರಗಾಗುತ್ತದೆ. ಈ ಕೊನೆಯದನ್ನು ಕೇಳಿ ನಮ್ಮ ಆಶಾ ಕಾರ್ಯಕರ್ತೆ ಕೊಟ್ಟೂರಿಗೆ ಫೋನು ಹಚ್ಚಿ ಜಗಳಾಡಿದ್ದಳು. ಆಕೆಗೆ ಖರೇ ಬರುತ್ತಿದ್ದದ್ದು ಒಂದೇ ಕೆಲಸ, ಹಿಡಿದುಕೊಂಡು ಕೂಡುವುದು. ಅದನ್ನು ಬಿಟ್ಟು ಉಳಿದಿದ್ದನ್ನೆಲ್ಲ ಮಾತಾಡಿದಳು.

ನನ್ನ ಮೊದಲ ಹೆರಿಗೆ ಒಂದು ಖಾಸಗಿ ಆಸ್ಪತ್ರೆಯಲ್ಲಾಯಿತು. ಒಳಗೆ ಯಾರನ್ನೂ ಬಿಡಲಿಲ್ಲ. ಎತ್ತರದ ಕಬ್ಬಿಣದ ಮೇಜಿನ ಮೇಲೆ ನನ್ನನ್ನು ಅಂಗಾತ ಮಲಗಿಸಿದರು. ನೋವೆಲ್ಲ ಬೆನ್ನಿನಲ್ಲೇ ಇತ್ತು. ಎದ್ದು ಕೂಡಬೇಕೆನ್ನಿಸಿತು, ಬಗ್ಗಬೇಕೆನ್ನಿಸಿತು, ಯಾರನ್ನಾದರೂ ತಬ್ಬಿಕೊಳ್ಳಬೇಕೆನ್ನಿಸಿತು. ಮಗ್ಗುಲಾಗಲು ಹೋದಾಗಲೆಲ್ಲ "ಅಂಗಾತ, ಅಂಗಾತ" ಎಂದು ತಿರುಗಿಸುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಛಾವಣಿಯ ಫ್ಯಾನು ನೋಡುತ್ತ ಹಾಗೇ ಬಿದ್ದಿದ್ದೆ. ಹೊರಗೆ ಚಿಗವ್ವ ಬಾಗಿಲಿಗೆ ಬಾಯಿ ಹಚ್ಚಿ, "ಎದ್ದು ಕುಂದ್ರಲೇ! ಮಲಗಬ್ಯಾಡ! ಇವ್ರ ಮಾತು ಕೇಳಬ್ಯಾಡ!" ಎಂದು ಕಿರುಚುತ್ತಿದ್ದಳು. ಆ ನೋವಿನಲ್ಲಿ ಇದೊಂದು ಬೇರೆ. ಕೊನೆಗೆ ಯಾರೋ ಬಂದು ಆಕೆಯನ್ನು ಕೆಳಗಿನ ಮಹಡಿಗೆ ಕಳಿಸಿದರು. ಮಗಳು ಹುಟ್ಟಿದಳು, ಗಟ್ಟಿಮುಟ್ಟಾಗಿದ್ದಳು. ಆದರೆ ನನಗೆ ಆ ಮೇಜು ಕನಸಿನಲ್ಲಿ ಬರತೊಡಗಿತು. ಎರಡನೆಯ ಬಸುರು ನಿಂತಾಗ ನಾನು ಮೊದಲು ಅಂದದ್ದು, ಈ ಸಲ ಏನಾದರೂ ಆಗಲಿ, ಅಂಗಾತ ಮಲಗಿ ಹಡೆಯಲಾರೆ ಎಂದು.

ಎರಡನೆಯದಕ್ಕೆ ತವರಿಗೆ ಬಂದಿದ್ದೆ. ಅಷ್ಟರಲ್ಲಿ ನಮ್ಮ ಕಡೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೊಸ ಪದ್ಧತಿ ಶುರುವಾಗಿತ್ತು. ಹೆರಿಗೆ ಕೋಣೆಯೊಳಗೆ ನಮ್ಮವರು ಒಬ್ಬ ಹೆಂಗಸು ಇರಬಹುದು, ಓಡಾಡಬಹುದು, ಬೇಕಾದ ಹಾಗೆ ಕೂಡಬಹುದು ಎಂದು ಹೇಳುತ್ತಿದ್ದರು. ಚಿಗವ್ವನಿಗೆ ಇದು ಅಂಗಡಿಯಲ್ಲೇ ಗೊತ್ತಾಗಿ, "ನಾ ಬರ್ತೀನಿ" ಎಂದು ಫೋನು ಮಾಡಿದಳು. ಅವ್ವ, "ನೀ ಯಾಕ? ನಾ ಸತ್ತೀನೇನು?" ಎಂದಳು. ಆ ದಿನದಿಂದ ಅಕ್ಕ ತಂಗಿ ಮಾತು ಬಿಟ್ಟರು. ನನಗೆ ಮಾತ್ರ ಇಬ್ಬರೂ ದಿನಾ ಫೋನಿನಲ್ಲಿ, ಅಡುಗೆಮನೆಯಲ್ಲಿ, ಒಬ್ಬರ ಮೇಲೊಬ್ಬರು ಚಾಡಿ ಹೇಳಿದರು.

ಬ್ಯಾನೆ ಶುರುವಾದದ್ದು ಒಂದು ಬೆಳಿಗ್ಗೆ. ಅವ್ವ ಬೇಡವೆಂದರೂ ಅಪ್ಪ ಕೊಟ್ಟೂರಿಗೆ ಫೋನು ಮಾಡಿ ತಿಳಿಸಿದ. ಚಿಗವ್ವ ಅಲ್ಲಿಂದಲೇ ಆಜ್ಞೆ ಮಾಡಿದಳು. "ಭಾವಾ, ಮನ್ಯಾಗಿನ ಗಂಟೆಲ್ಲ ಬಿಚ್ರಿ. ಕೀಲಿ ತಗೀರಿ. ಒಂದು ಗಂಟು ಉಳೀಬಾರ್ದು ನೋಡ್ರಿ, ಕೂಸು ತೊಡಕ್ಯಾಡತೈತಿ." ಹಡೆಯುವವಳು ಇರುವ ಮನೆಯಲ್ಲಿ ಏನೂ ಕಟ್ಟಿರಬಾರದು, ಮುಚ್ಚಿರಬಾರದು ಎಂಬುದು ಹಳೆಯ ನಂಬಿಕೆ. ಜಡೆ ಬಿಚ್ಚುವುದು, ಟ್ರಂಕಿನ ಬೀಗ ತೆಗೆಯುವುದು, ಇಷ್ಟಕ್ಕೆ ಮುಗಿಯುತ್ತದೆ. ನಮ್ಮಪ್ಪ ನಿಯತ್ತಿನ ಮನುಷ್ಯ. ಬೀರುವಿನ ಬಾಗಿಲು ತೆರೆದ. ಶೇಂಗಾ ಚೀಲಗಳ ಬಾಯಿ ಬಿಚ್ಚಿದ. ಸೊಳ್ಳೆಪರದೆಯ ದಾರ ಬಿಚ್ಚಿದ. ಆಮೇಲೆ ಹಿತ್ತಲಿಗೆ ಹೋಗಿ ಎಮ್ಮೆಯನ್ನೂ ಬಿಚ್ಚಿಬಿಟ್ಟ. ಆಟೋ ಬಂದು ನಿಲ್ಲುವ ಹೊತ್ತಿಗೆ ಎಮ್ಮೆ ಯಾರದೋ ಜೋಳದ ಹೊಲದಲ್ಲಿತ್ತು, ಅಪ್ಪ ಅದರ ಹಿಂದಿದ್ದ. ನನ್ನ ಗಂಡ ಹಡಗಲಿಯಲ್ಲಿ ಕೆಲಸದ ಮೇಲಿದ್ದರು. ಹೀಗಾಗಿ ಅವ್ವನೊಬ್ಬಳೇ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು, ದಾರಿಯುದ್ದಕ್ಕೂ ತಂಗಿಯನ್ನು ಬೈಯುತ್ತ.

ಅಲ್ಲಿದ್ದ ಸಿಸ್ಟರು ಹರಪನಹಳ್ಳಿ ಕಡೆಯ ಹುಡುಗಿ. ನೋಡಲು ಸಣ್ಣವಳು, ಮಾತು ಗಟ್ಟಿ. "ಮಲ್ಗೇ ಇರ್ಬೇಕು ಅಂತೇನಿಲ್ಲಕ್ಕ. ನಿಮಗೆ ಹೆಂಗೆ ಹಗುರ ಅನಿಸ್ತದೋ ಹಂಗಿರ್ರಿ. ನಾನು ಮಗು ಎದೆಬಡಿತ ನೋಡೋವಾಗ ಮಾತ್ರ ನಾ ಹೇಳ್ದಂಗೆ ಕೇಳ್ಬೇಕು, ಅಷ್ಟೇ" ಎಂದಳು. ಅಷ್ಟು ಕೇಳಿಯೇ ನನ್ನ ಅರ್ಧ ನೋವು ಇಳಿದ ಹಾಗಾಯಿತು. ಜೊತೆಗೆ ಅವ್ವ ಒಳಗೆ ಬಂದಳು.

ಅವ್ವ ಮೂರು ಮಕ್ಕಳನ್ನು ಹಡೆದವಳು. ಆದರೆ ತನ್ನ ಮಗಳು ನೋವು ತಿನ್ನುವುದನ್ನು ನೋಡುವ ಗುಂಡಿಗೆ ಆಕೆಗಿರಲಿಲ್ಲ. ಬ್ಯಾನೆ ಬಂದಾಗಲೆಲ್ಲ ನನಗಿಂತ ಮೊದಲು ಆಕೆಯೇ ಅಳುವಳು. "ಮಲಕ್ಕೋ ನನ್ನ ಮಗಳ, ಮಲಕ್ಕೊಂಡ್ರ ಕಡಿಮಿ ಆಗ್ತೈತಿ" ಎಂದು ಮಂಚಕ್ಕೆ ಎಳೆಯುವಳು. ಮಲಗಿದ ಕೂಡಲೇ ಬೆನ್ನಿಗೆ ಯಾರೋ ಕಬ್ಬಿಣ ಕಾಯಿಸಿ ಇಟ್ಟ ಹಾಗೆ ಆಗುತ್ತಿತ್ತು. ಆಕೆಯ ಹೆಗಲಿಗೆ ಜೋತುಬಿದ್ದರೆ ಇಬ್ಬರೂ ಗೋಡೆಗೆ ಹೋಗಿ ಬಡಿಯುತ್ತಿದ್ದೆವು. ಹಾಗಿರುವಾಗ ಹೊರಗೆ ಪಡಸಾಲೆಯಲ್ಲಿ ಚಿಗವ್ವನ ಗಂಟಲು ಕೇಳಿಸಿತು. ಬಂದಿದ್ದಳು. ಕಂಕುಳಲ್ಲಿ ಒಂದು ಕೌದಿ, ಕೈಯಲ್ಲಿ ಒಂದು ಹಳೆಯ ಸೀರೆ, ಬಾಯಲ್ಲಿ ಬಸ್ಸಿನ ಕಂಡಕ್ಟರನ ಮೇಲೆ ಬೈಗುಳ.

"ಚಿಗವ್ವನ್ನ ಕಳಿಸು" ಎಂದೆ ಅವ್ವನಿಗೆ.

"ಆಕಿನ್ನ ಯಾಕ? ನಾ ಅದೀನಲ್ಲ?"

"ನೀ ಅಳಾಕತ್ತೀದಿ. ನಂಗ ಹಿಡಿಯೋರು ಬೇಕು."

ಅವ್ವನ ಮುಖ ಬಿಗಿಯಿತು. ಹೊರಗೆ ಹೋದಳು. ಬಾಗಿಲಲ್ಲಿ ಅಕ್ಕ ತಂಗಿ ಎದುರುಬದುರಾದದ್ದು ನನಗೆ ಕಾಣಿಸುತ್ತಿತ್ತು. ಅವ್ವ ತಗ್ಗಿದ ದನಿಯಲ್ಲಿ, ಆದರೆ ಒಂದೊಂದೇ ಮಾತನ್ನು ಒತ್ತಿ ಹೇಳಿದಳು. "ಹಿಂದ ಕುಂದ್ರು. ಕೂಸು ಬಂದ ಕೂಡ್ಲೆ ಎದ್ದು ಹೊರಗ ಬರಬೇಕು. ನೋಡಾಕ ಹೋಗಬ್ಯಾಡ. ನಾ ಬಂದು ನೋಡಿದ ಮ್ಯಾಲ ನೀ ನೋಡು."

"ಹೂ ಬಿಡು, ನಂಗೇನ್ ಹೊಸಾದಾ?" ಎಂದಳು ಚಿಗವ್ವ.

ನಾನು ಬ್ಯಾನೆಯಲ್ಲಿದ್ದೆ, ಇಲ್ಲದಿದ್ದರೆ ಇಬ್ಬರಿಗೂ ಅಲ್ಲೇ ನಾಲ್ಕು ಮಾತು ಅಂದುಬಿಡುತ್ತಿದ್ದೆ.

ಒಳಗೆ ಬಂದವಳು ಮೊದಲು ಮಾಡಿದ ಕೆಲಸ ಹಳೆ ಸೀರೆಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದು. ಅದನ್ನು ಹಿಡಿದು ಜೋತಾಡಬೇಕಂತೆ. ಸಿಸ್ಟರು ಓಡಿಬಂದು, "ಅಮ್ಮಾ, ಬಿಚ್ಚಿ ಮೊದ್ಲು. ಆ ಕಂಬಿ ಸಡಿಲ ಐತೆ, ಕಿತ್ಕೊಂಡು ಮೈಮೇಲೆ ಬೀಳ್ತದೆ" ಎಂದಳು. "ನಮ್ಮ ಕಾಲದಾಗ ಜಂತಿಗೆ ಕಟ್ತಿದ್ವಿ" ಎಂದು ಈಕೆ. "ಇಲ್ಲಿ ಜಂತಿ ಇಲ್ಲ, ಬಾಯಾಗಿಂದ ತಂಬಾಕು ಉಗುಳಿ ಬರ್ರಿ, ಕೈ ಸೋಪು ಹಚ್ಚಿ ತೊಳೀರಿ" ಎಂದು ಆಕೆ. ಚಿಗವ್ವನಿಗೆ ಇಷ್ಟು ಖಡಕ್ಕಾಗಿ ಹೇಳಿದವರನ್ನು ನಾನು ಅದೇ ಮೊದಲ ಸಲ ನೋಡಿದ್ದು. ಗೊಣಗುತ್ತ ಹೋಗಿ ತೊಳೆದುಕೊಂಡು ಬಂದಳು.

ಆಮೇಲೆ ನನ್ನ ರಟ್ಟೆ ಹಿಡಿದು ಕೋಣೆಯ ಆ ತುದಿಯಿಂದ ಈ ತುದಿಗೆ ನಡೆಸಿದಳು. ಬ್ಯಾನೆ ಬಂದಾಗ ನಿಲ್ಲಿಸಿ, ಕಿಟಕಿಯ ಕಟ್ಟೆಗೆ ಮೊಣಕೈ ಊರಿಸಿ ಬಗ್ಗಿಸಿ, ಸೊಂಟದ ಎರಡೂ ಬದಿಗೆ ಅಂಗೈ ಒತ್ತಿ ಹಿಡಿಯುವಳು. ಆ ಕೈ ಬಿದ್ದಲ್ಲಿ ನೋವು ತುಸು ಹಿಂದೆ ಸರಿಯುತ್ತಿತ್ತು. ಕಾಲು ಸೋತಾಗ ಕೌದಿಯನ್ನು ಮಡಿಸಿ ಮೊಣಕಾಲಿಗೆ ಹಾಕಿ, ಕುರ್ಚಿಯ ಮೇಲೆ ತಲೆಯಿಡಿಸಿ ಮುಂದಕ್ಕೆ ಬಗ್ಗಿಸಿದಳು. ನಾನೇ ಒಂದು ಸಲ ಅಂಬೆಗಾಲಿಡುವ ಕೂಸಿನ ಹಾಗೆ ಕೈಕಾಲು ಊರಿ ನಿಂತೆ. ಬೆನ್ನಿಗೆ ಎಷ್ಟು ಹಗುರಾಯಿತೆಂದರೆ ಏಳುವ ಮನಸ್ಸೇ ಆಗಲಿಲ್ಲ. "ಹೆಂಗ ಬೇಕೋ ಹಂಗ ನಿಂದ್ರು. ನಿನ್ನ ಮೈಗೆ ಗೊತ್ತೈತಿ, ನಿಂಗ ಗೊತ್ತಿಲ್ಲ" ಎಂದಳು. ಆಕೆಯ ಬಾಯಿಂದ ಬಂದ ಒಳ್ಳೆಯ ಮಾತು ಅದೊಂದೇ ಎಂದು ಕಾಣುತ್ತದೆ. ಅಲ್ಲಿಗೇ ನಿಲ್ಲಿಸಿದ್ದರೆ ಕಾಲಿಗೆ ಬೀಳುತ್ತಿದ್ದೆ.

ನಿಲ್ಲಿಸಬೇಕಲ್ಲ! ನಾನು ಕೈಕಾಲೂರಿ ಉಸಿರು ಬಿಡುತ್ತಿದ್ದರೆ ಆಕೆ ನನ್ನ ಸೊಂಟ ತಿಕ್ಕುತ್ತ ಕೊಟ್ಟೂರಿನ ಯಾರೋ ಮಿಲ್ಲಿನ ಮಾಲೀಕನ ಎರಡನೆಯ ಸಂಸಾರದ ಕತೆ ಹೇಳಿದಳು. ನಡುನಡುವೆ, "ಕೇಳಾಕತ್ತೀಯೇನು?" ಎಂದು ಕೇಳುವಳು. ಮೈಲಾರದ ಹತ್ತಿರ ಯಾರಿಗೋ ಕೂಸು ಅಡ್ಡ ತಿರುಗಿದ ಕತೆ ತೆಗೆದಾಗ ಸಿಸ್ಟರೇ ಗದರಿಸಿ ನಿಲ್ಲಿಸಿದಳು. "ಚಿಗವ್ವಾ, ನಿನ್ನ ಕಾಲು ಬೀಳ್ತೀನಿ, ಬಾಯಿ ಮುಚ್ಚು" ಎಂದು ನಾನು ಕಿರುಚಿದೆ. "ಕಿರುಚು, ಕಿರುಚು, ಛಲೋ" ಎಂದಳು. ಬಯ್ದರೂ ಹೊಗಳಿದ ಹಾಗೆ ಸಂತೋಷಪಡುವ ಮನುಷ್ಯರನ್ನು ಏನು ಮಾಡುವುದು?

ಮಧ್ಯಾಹ್ನದ ಹೊತ್ತಿಗೆ ನಾನು ಪೂರ್ತಿ ಸೋತಿದ್ದೆ. ಸಿಸ್ಟರು ಎಡಮಗ್ಗುಲಾಗಿ ಸ್ವಲ್ಪ ಹೊತ್ತು ಮಲಗಿಸೋಣ ಎಂದಳು. ಚಿಗವ್ವ ಕೋಣೆಯ ನಡುವೆ ನಿಂತು ಎರಡೂ ಕೈ ಚಾಚಿ ಅಡ್ಡಗಟ್ಟಿದಳು. "ಮಲಗಸಬ್ಯಾಡ್ರಿ! ಬ್ಯಾನಿ ನಿಂತು ಹೋಗ್ತೈತಿ!" ಸಿಸ್ಟರು ಆಕೆಯನ್ನು ಬದಿಗೆ ಸರಿಸಿ, ನನ್ನನ್ನು ಮಗ್ಗುಲಾಗಿಸಿ, ಮೊಣಕಾಲುಗಳ ನಡುವೆ ದಿಂಬು ಇಟ್ಟಳು. ಬ್ಯಾನೆ ಎಲ್ಲಿಗೂ ಹೋಗಲಿಲ್ಲ. ಎರಡು ಬ್ಯಾನೆಗಳ ನಡುವೆ ನನಗೆ ಕಣ್ಣು ಹತ್ತಿತು, ಅಷ್ಟೇ ಸಾಕಾಗಿತ್ತು. ಎದ್ದಾಗ ಮೈಯಲ್ಲಿ ಮತ್ತೆ ತ್ರಾಣ ಬಂದಿತ್ತು. "ನಾನೂ ಅದನ್ನ ಹೇಳಾಕತ್ತಿದ್ದೆ, ಚೂರು ಮಗ್ಗಲಾಗಲಿ ಅಂತ" ಎಂದಳು ಚಿಗವ್ವ. ಸಿಸ್ಟರು ನನ್ನ ಮುಖ ನೋಡಿದಳು. ಆ ನೋವಿನಲ್ಲೂ ನನಗೆ ನಗು ಬಂತು.

ತಿಣುಕುವ ಹೊತ್ತು ಬಂದಾಗ ಸಿಸ್ಟರು ಗೋಡೆಯ ಬದಿಗೆ ನೆಲದ ಮೇಲೆ ದಪ್ಪ ಮ್ಯಾಟು ಹಾಸಿ ಮೇಲೆ ತೊಳೆದ ಬಟ್ಟೆ ಹರವಿದಳು. ಡಾಕ್ಟರಮ್ಮ ಒಮ್ಮೆ ಬಂದು ನೋಡಿ, ಎಲ್ಲ ಸರಿಯಿದೆ ಎಂದು ಹೇಳಿ ಅಲ್ಲೇ ನಿಂತರು. ಚಿಗವ್ವ ಗೋಡೆಗೆ ಬೆನ್ನು ಕೊಟ್ಟು ಕಾಲು ಅಗಲಿಸಿ ಕೂತಳು. ನನ್ನನ್ನು ಮುಂದೆ ಕುಕ್ಕರಗಾಲಲ್ಲಿ ಕೂಡಿಸಿ, ಕಂಕುಳಲ್ಲಿ ಕೈ ಹಾಕಿ, ಎದೆಗೆ ಎಳೆದುಕೊಂಡಳು. ಆಗ ಆಕೆ ಮಾತು ಬಿಟ್ಟಳು ಎಂದೇನಾದರೂ ಹೇಳಿದರೆ ಸುಳ್ಳಾಗುತ್ತದೆ. ಕಿವಿಯಲ್ಲೇ ಮಾತಾಡುತ್ತಿದ್ದಳು. "ಬಿಡು. ನಿನ್ನ ಭಾರ ಎಲ್ಲ ನನ್ನ ಮ್ಯಾಲ ಬಿಡು. ನಾ ಬೀಳೂದಿಲ್ಲ. ಗ್ವಾಡಿ ಬಿದ್ರೂ ನಾ ಬೀಳೂದಿಲ್ಲ." ಬೆವರು, ಎಲಡಿಕೆ ಮತ್ತು ಅಂಗಡಿಯ ಬೆಲ್ಲದ ವಾಸನೆ. ನಾನು ಬಿಟ್ಟೆ. ಮೊದಲ ಹೆರಿಗೆಯಲ್ಲಿ ಆ ಮೇಜಿನ ಮೇಲೆ ಏನು ಬೇಕೆನ್ನಿಸಿತ್ತೋ ಅದು ಇದೇ ಎಂದು ಗೊತ್ತಾಯಿತು. ನನ್ನ ಉಗುರು ಆಕೆಯ ತೋಳಿನಲ್ಲಿ ನಟ್ಟಿತ್ತು. ಆಕೆ ಅಯ್ಯೋ ಎನ್ನಲಿಲ್ಲ, "ಉಗುರು ಕತ್ತರಿಸಿಕೊಂಡು ಬರಾಕ ಏನಾಗಿತ್ತು ದಾಡಿ?" ಎಂದಳು.

ಕೂಸು ಬಂತು. ಅತ್ತಿತು. ಗಂಡು. ಸಿಸ್ಟರು ಒರೆಸಿ, ಹಾಗೇ ತಂದು ನನ್ನ ಎದೆಯ ಮೇಲೆ ಹಾಕಿ ಬಟ್ಟೆ ಹೊದಿಸಿದಳು. ನಾನು ಇನ್ನೂ ಚಿಗವ್ವನಿಗೆ ಒರಗಿಕೊಂಡೇ ಇದ್ದೆ. ಕೂಸು ಅತ್ತ ಕೂಡಲೇ ಆಕೆ ಎದ್ದು ಹೋಗಬೇಕಾಗಿತ್ತು.

ಎದ್ದೇಳಲಿಲ್ಲ. "ನನ್ನ ಕಾಲು ಹಿಡಕೊಂಡಾವ" ಎಂದಳು. "ಏಳಾಕ ಬರವಲ್ದು. ಸೊಂಟದ ಕೆಳಗ ಮರಗಟ್ಟೈತಿ." ಹೇಳುತ್ತಲೇ ನನ್ನ ಹೆಗಲ ಮೇಲಿಂದ ಗದ್ದ ಚಾಚಿ ಬಗ್ಗಿದಳು. 'ಭುಸ್' ಎಂದು ಆಕೆಯ ಉಸಿರು ನನ್ನ ಕತ್ತಿಗೆ ತಾಗಿತು. ಕೂಸು ಕಣ್ಣು ತೆರೆದಿತ್ತು. ಅಷ್ಟು ಎಳೆಯ ಕಣ್ಣಿಗೆ ಏನೂ ಕಾಣುವುದಿಲ್ಲ ಎನ್ನುತ್ತಾರೆ, ಆದರೂ ಅದು ತಿರುಗಿದ್ದು ನನ್ನ ಕಡೆಗಲ್ಲ, ನನ್ನ ಹೆಗಲ ಮೇಲಿದ್ದ ಆ ದೊಡ್ಡ ಮುಖದ ಕಡೆಗೆ. ಬಹಳ ಹೊತ್ತು ಚಿಗವ್ವ ಹಾಗೇ ನೋಡಿದಳು. ಆಮೇಲೆ, "ಹೆಣ್ಣು ಅಂತ ಹೇಳಿದ್ದೆ ಅಲ್ಲ ನಾ, ನೀ ನೆಟ್ಟಗ ವಾಲೇ ಇಲ್ಲ" ಎಂದಳು. ಆಕೆಯ ಕಣ್ಣೀರು ನನ್ನ ಹೆಗಲಿನ ಮೇಲೆ ಬೀಳುತ್ತಿತ್ತು.

ಆಯಾಳೂ ಸಿಸ್ಟರೂ ಸೇರಿ ಆಕೆಯನ್ನು ಎತ್ತಲು ಹೋದರು. "ಅಯ್ಯಯ್ಯೋ, ಮುಟ್ಟಬ್ಯಾಡ್ರಿ, ಮುರೀತೈತಿ" ಎಂದು ಆಸ್ಪತ್ರೆಯೇ ಕೇಳುವ ಹಾಗೆ ಕೂಗಿದಳು. ಕೊನೆಗೆ ವಾರ್ಡಿನಲ್ಲಿ ನನ್ನ ಪಕ್ಕದ ಮಂಚ ಖಾಲಿ ಇತ್ತೆಂದು ಆಕೆಯನ್ನು ಗಾಲಿಕುರ್ಚಿಯಲ್ಲಿ ತಂದು ಅಲ್ಲಿ ಮಲಗಿಸಿದರು. ಜನ್ಮದಲ್ಲಿ ಹಗಲುಹೊತ್ತು ಮಲಗದವಳು ಅಲ್ಲಿ ಮಹಾರಾಣಿಯ ಹಾಗೆ ಮಲಗಿದಳು. ಅವ್ವ ಒಳಗೆ ಬಂದು ಮೊಮ್ಮಗನನ್ನು ನೋಡಿದಳು. ಆಮೇಲೆ ತಂಗಿಯ ಕಡೆ ತಿರುಗಿ, "ಹೊರಗ ಬಾ ಅಂದಿದ್ದೆ" ಎಂದಳು.

"ಕಾಲು ಹಿಡದಿದ್ವು ಅಕ್ಕಾ. ತೆವಳಿಕೋತ ಬರಲೇನು?"

ಅವ್ವ ಏನನ್ನೋ ಹೇಳಲು ಬಾಯಿ ತೆರೆದಳು. ಆ ಹೊತ್ತಿಗೇ ಆಚೆ ಮಂಚದ ಬಾಣಂತಿಯನ್ನು ನೋಡಲು ತಂಬ್ರಹಳ್ಳಿಯಿಂದ ಬಂದಿದ್ದ ಮುದುಕಿಯೊಬ್ಬಳು ನಮ್ಮಿಬ್ಬರ ಮಂಚಗಳ ನಡುವೆ ನಿಂತು, ಇಬ್ಬರನ್ನೂ ನೋಡಿ ಗೊಂದಲಕ್ಕೆ ಬಿದ್ದು, "ಇಬ್ರಾಗ ಯಾರವ್ವಾ ಹಡದಾರ?" ಎಂದು ಕೇಳಿದಳು.

"ಇಬ್ರೂ" ಎಂದಳು ಚಿಗವ್ವ.

ಮುದುಕಿ ಚಿಗವ್ವನ ನರೆತ ಕೂದಲು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅವ್ವ ತೆರೆದ ಬಾಯಿಯನ್ನು ಹಾಗೇ ಮುಚ್ಚಿದಳು. ಕೂಸನ್ನು ನನ್ನ ಮಗ್ಗುಲಿನಿಂದ ಎತ್ತಿ, ಸಿಟ್ಟಿನಲ್ಲೇ ತೆಗೆದುಕೊಂಡು ಹೋಗಿ ಚಿಗವ್ವನ ತೋಳಿಗೆ ಇಟ್ಟಳು. "ಹಿಡಿ. ತಲಿ ಜ್ವಾಕಿ. ಬಾಯಿ ಬಂದ್ ಮಾಡು." ಆಮೇಲೆ ಮಂಚದ ಕಾಲಬುಡದಲ್ಲಿ ಕೂತು, ತಂಗಿಯ ಎರಡೂ ಕಾಲುಗಳನ್ನು ತೊಡೆಯ ಮೇಲೆ ಎಳೆದುಕೊಂಡು ಒತ್ತತೊಡಗಿದಳು. ದೊಡ್ಡವಳು ಸಣ್ಣವಳ ಕಾಲು ಒತ್ತುವುದು ನಮ್ಮಲ್ಲಿಲ್ಲ. ಚಿಗವ್ವ ಬೇಡವೆನ್ನಬೇಕಾಗಿತ್ತು. "ಇನ್ನಷ್ಟು ಮ್ಯಾಲ, ಅಕ್ಕಾ. ಮೊಣಕಾಲ ಕೆಳಗ. ಹಾ, ಅಲ್ಲೇ" ಎಂದಳು.

ಹೀಗೆ ಅರ್ಧ ತಾಸು ನಡೆದಿರಬೇಕು. ಅಷ್ಟರಲ್ಲಿ ಗೇಟಿನ ಹತ್ತಿರ ಅಪ್ಪನ ದನಿ ಕೇಳಿಸಿತು. ಎಮ್ಮೆ ಸಿಕ್ಕ ಮೇಲೆ ಮೊಮ್ಮಗನನ್ನು ನೋಡಲು ಬಂದಿದ್ದ, ವಾಚಮನ್ನು ಒಳಗೆ ಬಿಡುತ್ತಿರಲಿಲ್ಲ. ಅಪ್ಪ ಮೆತ್ತಗೆ ಬೇಡಿಕೊಳ್ಳುತ್ತಿದ್ದ, ವಾಚಮನ್ನು ಜೋರು ಮಾಡುತ್ತಿದ್ದ. ಚಿಗವ್ವ ಕಿವಿ ನಿಮಿರಿಸಿದಳು. "ಯಾಂವ ಅಂವ, ನಮ್ಮ ಭಾವಗ ಜಬರದಸ್ತಿ ಮಾಡಾಂವ?" ಎಂದವಳೇ ಕೂಸನ್ನು ಅವ್ವನ ಕೈಗಿಟ್ಟು, ಮಂಚದಿಂದ ಧಡಕ್ಕನೆ ಇಳಿದು, ಸೆರಗು ಸಿಕ್ಕಿಸಿಕೊಂಡು, ಎರಡೂ ಕಾಲ ಮೇಲೆ ದಪದಪ ಹೆಜ್ಜೆ ಹಾಕುತ್ತ ಜಗಳಕ್ಕೆ ಹೋಗಿಯೇಬಿಟ್ಟಳು. ಮೆಟ್ಟಿಲಿಳಿಯುವ ಸಪ್ಪಳವೂ ಕೇಳಿಸಿತು.

ಅವ್ವ ಖಾಲಿಯಾದ ಮಂಚವನ್ನು ನೋಡಿದಳು. ನನ್ನನ್ನು ನೋಡಿದಳು. ಒಂದು ಕೈಯಲ್ಲಿ ಕೂಸಿದ್ದರೂ ಆಕೆಯ ಇನ್ನೊಂದು ಕೈ ಇನ್ನೂ ಕಾಲು ಒತ್ತುವ ಹಾಗೆ ಅರ್ಧ ಮಡಿಚಿಕೊಂಡಿತ್ತು.

"ನೋಡಿದೇನು?" ಎಂದಳು.

"ನೋಡಿದೆ" ಎಂದೆ.

ಅವ್ವ ಕೂಸಿನ ಟೊಪ್ಪಿಗೆ ಸರಿಮಾಡಿದಳು. "ನೀ ಏನೂ ನೋಡಿಲ್ಲ" ಎಂದಳು. "ನಿಮ್ಮಪ್ಪ ಕೇಳಿದ್ರ ಕಾಲು ಹಿಡದಿದ್ವು ಅಂತ ಹೇಳು. ಯಾರು ಕೇಳಿದ್ರೂ ಅದನ್ನ ಹೇಳು." ಗೇಟಿನ ಕಡೆಯಿಂದ ಚಿಗವ್ವನ ಗಂಟಲು ಏರುತ್ತಿತ್ತು. ಅವ್ವ ಬಾಗಿಲ ಕಡೆ ತಿರುಗಿ ಸೆರಗಿನಿಂದ ಮೂಗೊರೆಸಿಕೊಂಡು, "ಬರ್ಲಿ ಮೂಳಿ, ಎರಡೂ ಕಾಲು ಮುರೀತೀನಿ" ಎಂದಳು.